ಬೇಸ್‌ಲೈನ್‌ನಿಂದ ಎಂಡ್‌ಲೈನ್‌ವರೆಗೆ: ವಿದೇಶಿ ನೆರವಿನ ಯೋಜನೆಯನ್ನು ಅಳೆಯುವುದು ಹೇಗೆ? ಹಂತ ಹಂತದ ಮಾರ್ಗದರ್ಶಿ

ಮೂರು ವರ್ಷದ ಯೋಜನೆ ಮುಗಿದಿದೆ. ಕೊನೆಯಲ್ಲಿ ಮಾಡುವ ಸರ್ವೆ, ಅಂದರೆ ಎಂಡ್‌ಲೈನ್, ಕೈಗೆ ಬಂದಿದೆ. ಪಕ್ಕದಲ್ಲಿ ಶುರುವಿನಲ್ಲಿ ಮಾಡಿದ ಸರ್ವೆ, ಅಂದರೆ ಬೇಸ್‌ಲೈನ್, ಇಟ್ಟು ನೋಡಿದರೆ ಎರಡೂ ಒಂದಕ್ಕೊಂದು ಹೊಂದುತ್ತಿಲ್ಲ. ಮೊದಲ ಸಲ ‘ನೀರು ಎಷ್ಟು ದೂರ’ ಅಂತ ಕೇಳಿದ್ದಾರೆ, ಈ ಸಲ ‘ಎಷ್ಟು ಹೊತ್ತು’ ಅಂತ. ಮೊದಲನೆಯದು ಮಳೆಗಾಲದಲ್ಲಿ ಆಗಿದೆ, ಎರಡನೆಯದು ಒಣಗಾಲದಲ್ಲಿ. ದಾನಿ ಸಂಸ್ಥೆಗೆ ವರದಿ ಕೊಡಲು ಉಳಿದಿರುವುದು ಹತ್ತು ದಿನ.

ಇಂಥ ಹೊತ್ತಿನಲ್ಲಿ ನನಗೆ ಫೋನ್ ಮಾಡುವವರು ಬಹಳ ಜನ. ಆಗ ಸರಿಮಾಡಲು ಏನೂ ಉಳಿದಿರುವುದಿಲ್ಲ. ಕೆಟ್ಟದ್ದು ಮೊದಲ ಎರಡು ತಿಂಗಳಲ್ಲಿ, ಕಾಣಿಸುವುದು ಕೊನೆಯ ಎರಡು ವಾರದಲ್ಲಿ. ಅದಕ್ಕೇ ಈ ಬರಹದಲ್ಲಿ ಆರಂಭದ ಹಂತಗಳಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಆಫ್ರಿಕಾದ ಮಲಾವಿಯ ಒಂದು ಜಿಲ್ಲೆ. ವಿದೇಶಿ ದಾನಿಯ ಹಣದಿಂದ 60 ಹಳ್ಳಿಗಳಲ್ಲಿ ಕೈಪಂಪು ಹಾಕಿಸಿ, ಹಳ್ಳಿಯ ನೀರಿನ ಸಮಿತಿಗೆ ರಿಪೇರಿ ತರಬೇತಿ ಕೊಡುವ ಯೋಜನೆ. ಯೋಜನೆ ನಾನು ಕಲ್ಪಿಸಿದ್ದು. ತೊಡಕುಗಳೆಲ್ಲ ನಿಜವಾದವು.

ಕೈಯಲ್ಲಿ ಇರಬೇಕಾದ್ದು

ಯೋಜನೆಯ ಒಪ್ಪಂದ ಪತ್ರ, ಹಳ್ಳಿಗಳ ಪೂರ್ತಿ ಪಟ್ಟಿ, ಒಂದು ಎಕ್ಸೆಲ್ ಫೈಲು, ಆಂಡ್ರಾಯ್ಡ್ ಫೋನುಗಳು, ಪವರ್ ಬ್ಯಾಂಕ್, ಮತ್ತು ಕೋಬೋಟೂಲ್‌ಬಾಕ್ಸ್ ಅಥವಾ ಒಡಿಕೆ ಥರದ ಸರ್ವೆ ಆ್ಯಪ್. ಎರಡೂ ನೆಟ್‌ವರ್ಕ್ ಇಲ್ಲದ ಕಡೆ ಕೆಲಸ ಮಾಡುತ್ತವೆ. ಪಂಪು ಪರೀಕ್ಷೆಗೆ 20 ಲೀಟರ್ ಬಕೆಟ್ ಮತ್ತು ಸ್ಟಾಪ್‌ವಾಚ್. ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ.

ಹಂತ 1: ಈ ಅಂಕಿ ಯಾರಿಗೆ ಬೇಕು, ಯಾವಾಗ ಬೇಕು?

ಎಲ್ಲರೂ ಶುರು ಮಾಡುವುದು ಪ್ರಶ್ನಾವಳಿಯಿಂದ. ಹಳೆ ಯೋಜನೆಯ ಫೈಲು ತೆಗೆದು, ಹೆಸರು ಬದಲಿಸಿ, ಪ್ರಶ್ನೆ ಸೇರಿಸುತ್ತಾ ಹೋಗುತ್ತಾರೆ. ಪ್ರಶ್ನೆಗಳು 140 ಆಗುತ್ತವೆ. ಮನೆಯಾಕೆ ಒಂದೂವರೆ ಗಂಟೆ ಕೂರಬೇಕಾಗುತ್ತದೆ. ಅದರಲ್ಲಿ 100 ಪ್ರಶ್ನೆಯ ಉತ್ತರವನ್ನು ಆಮೇಲೆ ಯಾರೂ ತೆರೆದೂ ನೋಡುವುದಿಲ್ಲ. ಹೊಲದ ಕೆಲಸ ಬಿಟ್ಟು ಕೂತವರ ಸಮಯವನ್ನು ಹೀಗೆ ಹಾಳು ಮಾಡುವುದು ತಪ್ಪು. ಇದನ್ನು ನಾನು ಖಂಡಿತವಾಗಿ ಹೇಳುತ್ತೇನೆ.

ಅದರ ಬದಲು ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಯಾವ ನಿರ್ಧಾರ, ಯಾರು ತೆಗೆದುಕೊಳ್ಳುತ್ತಾರೆ, ಯಾವ ತಿಂಗಳಲ್ಲಿ. ‘ಎರಡನೇ ವರ್ಷದ 20 ಪಂಪು ಯಾವ ಹಳ್ಳಿಗೆ?’ ‘ಬಿಡಿಭಾಗದ ಅಂಗಡಿಗೆ ನಾವು ಹಣ ಹಾಕಬೇಕೇ?’ ‘ಪಕ್ಕದ ಜಿಲ್ಲೆಗೂ ಇದೇ ಮಾದರಿ ಒಯ್ಯಬೇಕೇ?’ ಇಂಥ ಆರೇಳು ಸಾಲು ಸಾಕು. ಈ ಹಾಳೆಯಲ್ಲಿ ಜಾಗ ಸಿಗದ ಪ್ರಶ್ನೆಯನ್ನು ಮುಂದೆ ಯಾರೇ ಸೇರಿಸಬೇಕೆಂದರೂ ಕಾರಣ ಕೇಳಿ.

ಎಚ್ಚರಿಕೆಯ ಲಕ್ಷಣ: ‘ಇರಲಿ ಬಿಡಿ, ಮುಂದೆ ಉಪಯೋಗಕ್ಕೆ ಬರಬಹುದು’ ಅನ್ನುವ ಮಾತು ಮೀಟಿಂಗಿನಲ್ಲಿ ಎರಡು ಸಲ ಕೇಳಿಸಿದರೆ ಪೆನ್ನು ಕೆಳಗಿಟ್ಟು ಈ ಹಾಳೆಗೆ ವಾಪಸ್ ಬನ್ನಿ.

ಹಂತ 2: ಬದಲಾವಣೆಯ ಸರಪಳಿ ಬರೆಯಿರಿ

ಪಂಪು ಹಾಕಿದರೆ ಮಕ್ಕಳ ಆರೋಗ್ಯ ಸುಧಾರಿಸುತ್ತದೆ ಅಂತ ಪ್ರಸ್ತಾವದಲ್ಲಿ ಬರೆದಿರುತ್ತಾರೆ. ಇವೆರಡರ ನಡುವೆ ಎಷ್ಟು ಕೊಂಡಿ ಇವೆ ನೋಡಿ. ಪಂಪು ಹಾಕಬೇಕು. ಅದು ನಡೆಯುತ್ತಿರಬೇಕು. ನೀರು ಚೆನ್ನಾಗಿರಬೇಕು. ಹೆಂಗಸರು ಹಳೆ ತೆರೆದ ಬಾವಿ ಬಿಟ್ಟು ಅಲ್ಲಿಗೇ ಬರಬೇಕು. ತಂದ ನೀರು ಮನೆಯ ಪಾತ್ರೆಯಲ್ಲಿ ಕೆಡಬಾರದು. ಇಷ್ಟಾದ ಮೇಲೆ ಆರೋಗ್ಯದ ಮಾತು.

ಪ್ರತಿ ಕೊಂಡಿಯ ಪಕ್ಕದಲ್ಲಿ ‘ಇದು ಎಲ್ಲಿ ತುಂಡಾಗಬಹುದು’ ಅಂತ ಒಂದು ಸಾಲು ಬರೆಯಿರಿ. ಅಳೆಯಬೇಕಾದದ್ದು ತುಂಡಾಗುವ ಜಾಗವನ್ನು. ಪಂಪು ಹಾಕಿದ ಲೆಕ್ಕ ಗುತ್ತಿಗೆದಾರರ ಬಿಲ್ಲಿನಲ್ಲೇ ಸಿಗುತ್ತದೆ, ಅದಕ್ಕೆ ಸರ್ವೆ ಬೇಕಿಲ್ಲ. ಮನೆಯ ಕೊಡದಲ್ಲಿ ನೀರು ಕೆಡುತ್ತಿದೆಯೇ ಅನ್ನುವುದಕ್ಕೆ ಬೇಕು.

ಹಂತ 3: ಪ್ರತಿ ಸೂಚಕಕ್ಕೂ ಒಂದು ಹಾಳೆ

ಸೂಚಕ ಅಂದರೆ ಬದಲಾವಣೆ ಆಯಿತೇ ಅಂತ ತೋರಿಸುವ ಅಂಕಿ. ಜಾಸ್ತಿ ಜನ ಬೀಳುವುದು ಇಲ್ಲೇ. ‘ಸುರಕ್ಷಿತ ನೀರು ಸಿಗುವ ಮನೆಗಳ ಶೇಕಡಾವಾರು’ ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ‘ಸಿಗುವ’ ಅಂದರೆ ಏನು? ‘ಮನೆ’ ಅಂದರೆ ಏನು?

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಬಳಸುವ ವ್ಯಾಖ್ಯೆ ಸಿದ್ಧವಾಗಿದೆ. ಕೈಪಂಪಿನಂಥ ಸುಧಾರಿತ ಮೂಲ ಇರಬೇಕು. ಹೋಗಿ, ಸಾಲಿನಲ್ಲಿ ನಿಂತು, ತುಂಬಿಸಿಕೊಂಡು ಬರಲು ಒಟ್ಟು 30 ನಿಮಿಷ ಮೀರಬಾರದು. ಅಷ್ಟಿದ್ದರೆ ಅದು ಮೂಲಭೂತ ಮಟ್ಟದ ಸೇವೆ. 30 ದಾಟಿದರೆ ಸೀಮಿತ ಸೇವೆ. ಸುರಕ್ಷಿತ ಅನ್ನಬೇಕಾದರೆ ಮೂಲ ಮನೆಯ ಆವರಣದಲ್ಲೇ ಇರಬೇಕು, ಬೇಕಾದಾಗ ಸಿಗಬೇಕು, ಕಲುಷಿತ ಆಗಿರಬಾರದು. ಅಂದರೆ ಹಳ್ಳಿಯ ಮಧ್ಯದ ಪಂಪು ಎಷ್ಟೇ ಚೆನ್ನಾಗಿದ್ದರೂ ಈ ಲೆಕ್ಕದಲ್ಲಿ ‘ಸುರಕ್ಷಿತ’ದ ಸಾಲಿಗೆ ಬರುವುದೇ ಇಲ್ಲ. ಈ ಶಬ್ದವನ್ನು ಸುಮ್ನೆ ಒಪ್ಪಂದದಲ್ಲಿ ಬರೆದು, ಕೊನೆಗೆ ಫಲಿತಾಂಶ ಸೊನ್ನೆ ಬಂತು ಅಂತ ಗಾಬರಿಯಾದವರಿದ್ದಾರೆ.

30 ನಿಮಿಷವನ್ನು ಹೇಗೆ ಕೇಳುತ್ತೀರಿ? ಒಮ್ಮೆ ಒಬ್ಬ ತಾಯಿ ‘ಪಂಪು ಹತ್ತಿರವೇ ಇದೆ’ ಅಂದರು. ಸರ್ವೆಯ ಹುಡುಗ ‘10 ನಿಮಿಷ’ ಒತ್ತಿದ. ನಾವು ಆಕೆಯ ಜೊತೆಗೇ ಹೊರಟೆವು. ಹೋಗಲು 9 ನಿಮಿಷ. ಅಲ್ಲಿ ಬಕೆಟ್‌ಗಳ ಸಾಲು, 26 ನಿಮಿಷ ಕಾದದ್ದು. ತುಂಬಿದ ಬಕೆಟ್ ತಲೆಯ ಮೇಲೆ ಹೊತ್ತು ವಾಪಸ್ ಬರಲು 12. ಒಟ್ಟು 47. ಆಕೆ ಸುಳ್ಳು ಹೇಳಿರಲಿಲ್ಲ, ಪಂಪು ಹತ್ತಿರವೇ ಇತ್ತು. ಕೇಳಿದ ಪ್ರಶ್ನೆ ತಪ್ಪಾಗಿತ್ತು. ಹೋಗುವುದು, ಕಾಯುವುದು, ಬರುವುದು ಅಂತ ಮೂರು ಪ್ರಶ್ನೆ ಮಾಡಿ. ಪ್ರತಿ ಹಳ್ಳಿಯಲ್ಲಿ ಒಂದೆರಡು ಮನೆಯವರ ಜೊತೆ ನಡೆದು ನೋಡಿ ತಾಳೆ ಹಾಕಿ.

ಇನ್ನು ‘ಮನೆ’. ನಮ್ಮ ಹಳ್ಳಿಗಳಲ್ಲೂ ಒಂದೇ ಸೂರಿನ ಕೆಳಗೆ ಎರಡು ಒಲೆ ಇರುತ್ತವೆ, ಅಲ್ವಾ? ಅಣ್ಣ ತಮ್ಮ ಬೇರೆಯಾಗಿರುತ್ತಾರೆ, ಬಾಗಿಲು ಮಾತ್ರ ಒಂದೇ. ಸರ್ವೆಗೆ ಸಾಮಾನ್ಯವಾಗಿ ಲೆಕ್ಕ ಒಲೆಯದು: ಒಂದೇ ಪಾತ್ರೆಯ ಅಡುಗೆ ಉಣ್ಣುವವರು ಒಂದು ಮನೆ. ಮಲಾವಿಯಲ್ಲೂ ಇದನ್ನು ಹಾಳೆಯಲ್ಲಿ ಬರೆದಿಡದಿದ್ದರೆ ಒಬ್ಬ ಸರ್ವೆಯವನು ಸೂರು ಎಣಿಸುತ್ತಾನೆ, ಇನ್ನೊಬ್ಬ ಒಲೆ ಎಣಿಸುತ್ತಾನೆ.

‘ಪಂಪು ಕೆಲಸ ಮಾಡುತ್ತಿದೆಯೇ’ ಅನ್ನುವುದಕ್ಕೂ ಹೌದು, ಇಲ್ಲ ಸಾಲದು. ಸ್ವಲ್ಪ ಹೊತ್ತು ಪಂಪು ಯಾರೂ ಮುಟ್ಟದಂತೆ ಬಿಡಿ. ಆಮೇಲೆ ಹಿಡಿಕೆ ಒತ್ತಿ, ನೀರು ಬರುವವರೆಗೆ ಎಷ್ಟು ಸಲ ಒತ್ತಬೇಕಾಯಿತು ಎಣಿಸಿ. ನಂತರ 20 ಲೀಟರ್ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕು ನೋಡಿ. ನೀರು ಬರಲು ಒತ್ತುವ ಸಂಖ್ಯೆ ಪ್ರತಿ ಭೇಟಿಯಲ್ಲೂ ಏರುತ್ತಿದ್ದರೆ ಒಳಗಿನ ವಾಲ್ವು, ಸೀಲು ಸವೆದಿರಬಹುದು. ಪಂಪು ಇವತ್ತು ನಡೆಯುತ್ತಿದೆ, ಕೆಲವೇ ತಿಂಗಳಲ್ಲಿ ನಿಲ್ಲಬಹುದು. ಹೌದು, ಇಲ್ಲ ಉತ್ತರದಲ್ಲಿ ಇದು ಕಾಣುವುದೇ ಇಲ್ಲ.

ಸೂಚಕದ ಹಾಳೆಯಲ್ಲಿ ಇರಬೇಕಾದ್ದು: ಪೂರ್ತಿ ವ್ಯಾಖ್ಯೆ, ಶೇಕಡಾವಾರು ಲೆಕ್ಕದ ಮೇಲಿನ ಅಂಕಿ (ಅಂಶ) ಯಾವುದು, ಕೆಳಗಿನ ಅಂಕಿ (ಛೇದ) ಯಾವುದು, ಕೇಳುವ ಪ್ರಶ್ನೆಯ ಅಕ್ಷರಶಃ ಪಾಠ, ಯಾರನ್ನು ಕೇಳಬೇಕು, ಯಾವ ತಿಂಗಳು, ಗಂಡು ಹೆಣ್ಣು ಬಡವ ಅಂತ ಯಾವುದನ್ನು ಬಿಡಿಸಿ ತೋರಿಸಬೇಕು, ಮತ್ತು ಜವಾಬ್ದಾರಿ ಯಾರದು. ಅಂಗವಿಕಲತೆ ಬಿಡಿಸಿ ತೋರಿಸಬೇಕಾದರೆ ‘ನೀವು ಅಂಗವಿಕಲರೇ’ ಅಂತ ಯಾವತ್ತೂ ಕೇಳಬೇಡಿ. ನೋಡಲು, ಕೇಳಲು, ನಡೆಯಲು ಕಷ್ಟವಿದೆಯೇ ಅಂತ ಕೇಳುವ, ಅಂಗವಿಕಲತೆಯ ಅಂಕಿಅಂಶಕ್ಕಾಗಿ ಇರುವ ಅಂತರರಾಷ್ಟ್ರೀಯ ತಂಡ ವಾಷಿಂಗ್ಟನ್ ಗ್ರೂಪಿನ 6 ಪ್ರಶ್ನೆಗಳಿವೆ, ಅವನ್ನೇ ಬಳಸಿ.

ಹಾಳೆಗಳು 12 ದಾಟಿದರೆ ಕಡಿಮೆ ಮಾಡಿ.

ಹಂತ 4: ಹಣ ಮತ್ತು ಅನುಮತಿ

ಯೋಜನೆಯ ಒಟ್ಟು ಹಣದಲ್ಲಿ ಶೇ 5ರಿಂದ 10 ಭಾಗವನ್ನು ಈ ಕೆಲಸಕ್ಕೆ ಎತ್ತಿಡುವುದು ರೂಢಿ. ಎಂಡ್‌ಲೈನಿನ ಹಣವನ್ನು ಮೊದಲ ದಿನವೇ ಬೇರೆ ಸಾಲಿನಲ್ಲಿ ಬರೆಸಿ. ಇಲ್ಲದಿದ್ದರೆ ಮೂರನೇ ವರ್ಷ ಅದು ಡೀಸೆಲ್‌ಗೆ ಹೋಗಿರುತ್ತದೆ.

ಕರ್ನಾಟಕದಲ್ಲಿದ್ದು ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳಿಗೆ ಒಂದು ಮಾತು. 2020ರ ತಿದ್ದುಪಡಿಯ ನಂತರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅಡಿ ಬರುವ ಹಣದಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ್ದು ಶೇ 20 ಮಾತ್ರ. ಮೊದಲು ಶೇ 50 ಇತ್ತು. ಸರ್ವೆ ಸಿಬ್ಬಂದಿಯ ಸಂಬಳ ಯಾವ ತಲೆಬರಹದಡಿ ಬರುತ್ತದೆ ಅಂತ ಲೆಕ್ಕಪರಿಶೋಧಕರನ್ನು ನೇಮಕಕ್ಕೂ ಮೊದಲೇ ಕೇಳಿ.

ಅನುಮತಿಗೆ ಸಮಯ ಬೇಕು. ಸಂಶೋಧನೆಯ ನೈತಿಕತೆ ನೋಡುವ ಸಮಿತಿ, ಜಿಲ್ಲಾ ಆಡಳಿತ, ಆಮೇಲೆ ಹಳ್ಳಿಯ ಮುಖ್ಯಸ್ಥರು, ಈ ಕ್ರಮದಲ್ಲೇ ಹೋಗಿ. ಮಲಾವಿಯಲ್ಲಿ ಮುಖ್ಯಸ್ಥರಿಗೆ ತಿಳಿಸದೆ ಹಳ್ಳಿಗೆ ಕಾಲಿಟ್ಟರೆ ಆ ದಿನದ ಕೆಲಸ ಅಲ್ಲಿಗೇ ನಿಲ್ಲಬಹುದು. ಹಾಗೆ ನಿಂತರೆ ಅದು ನ್ಯಾಯವೇ.

ಹಂತ 5: ಎಷ್ಟು ಮನೆ, ಯಾವ ಮನೆ

ಇಂಟರ್ನೆಟ್ಟಿನಲ್ಲಿ ಎಲ್ಲ ಕಡೆ 384 ಅನ್ನುವ ಸಂಖ್ಯೆ ಸಿಗುತ್ತದೆ. ಅದು ಒಂದು ಶೇಕಡಾವಾರನ್ನು ಒಂದು ಸಲ ಅಳೆಯುವ ಲೆಕ್ಕ. ನಿಮಗೆ ಬೇಕಿರುವುದು ಎರಡು ಸಲ ಅಳೆದು ವ್ಯತ್ಯಾಸ ಹಿಡಿಯುವ ಲೆಕ್ಕ. ಶೇ 40 ಇದ್ದದ್ದು ಶೇ 50 ಆಗುವುದನ್ನು ಹಿಡಿಯಲು ಪ್ರತಿ ಸುತ್ತಿಗೆ ಸುಮಾರು 385 ಮನೆ ಬೇಕು (384ಕ್ಕೆ ಹತ್ತಿರ ಬಂದದ್ದು ಕಾಕತಾಳೀಯ). ಶೇ 60 ಆಗುತ್ತದೆ ಅನ್ನುವ ನಿರೀಕ್ಷೆ ಇದ್ದರೆ ನೂರರ ಒಳಗೇ ಸಾಕು. ಬರೀ ಶೇ 45 ಆಗುವುದನ್ನು ಹಿಡಿಯಬೇಕೆಂದರೆ 1,500 ದಾಟುತ್ತದೆ. (ಇದೆಲ್ಲ ಶೇ 95 ವಿಶ್ವಾಸ, ಶೇ 80 ಸಾಮರ್ಥ್ಯದ ಲೆಕ್ಕ: ಬದಲಾವಣೆ ಆಗದಿದ್ದರೂ ಆಗಿದೆ ಅನ್ನುವ ತಪ್ಪು ನೂರಕ್ಕೆ ಐದು ಸಲ, ನಿಜಕ್ಕೂ ಆದದ್ದನ್ನು ಹಿಡಿಯುವುದು ನೂರಕ್ಕೆ ಎಂಬತ್ತು ಸಲ.)

ಒಂದೇ ಹಳ್ಳಿಯ ಮನೆಗಳು ಒಂದೇ ಥರ ಇರುತ್ತವೆ, ಒಂದೇ ಪಂಪಿನ ನೀರು ಕುಡಿಯುತ್ತವೆ. ಹಾಗಾಗಿ ಹಳ್ಳಿ ಆರಿಸಿ ಅದರೊಳಗೆ ಮನೆ ಆರಿಸುವಾಗ ಸಂಖ್ಯೆಯನ್ನು ಇಮ್ಮಡಿ ಮಾಡುವುದು ಸಾಮಾನ್ಯ. 385 ಸುಮಾರು 770 ಆಗುತ್ತದೆ. 30 ಹಳ್ಳಿ, ಹಳ್ಳಿಗೆ 26 ಮನೆ, ಒಟ್ಟು 780. ಹಳ್ಳಿ ಕಡಿಮೆ ಮಾಡಿ ಮನೆ ಜಾಸ್ತಿ ಮಾಡಬೇಡಿ. ಡೀಸೆಲ್ ಉಳಿಯುತ್ತದೆ, ಲೆಕ್ಕ ಕೆಡುತ್ತದೆ.

ಹಳ್ಳಿಯೊಳಗೆ ಮನೆ ಆರಿಸಲು ಮೊದಲು ಎಲ್ಲ ಮನೆಗಳ ಪಟ್ಟಿ ಮಾಡಿ, ಆಮೇಲೆ ಚೀಟಿ ಎತ್ತಿ. ‘ರಸ್ತೆಯಿಂದ ಪ್ರತಿ ಐದನೇ ಮನೆ’ ಅಂತ ಹೊರಟರೆ ರಸ್ತೆ ಬದಿಯ ಮನೆಗಳೇ ಸಿಗುತ್ತವೆ. ಪಂಪಿನಿಂದ ದೂರ ಇರುವ, ನಿಜಕ್ಕೂ ಕಷ್ಟದಲ್ಲಿರುವ ಅಂಚಿನ ಮನೆಗಳು ತಪ್ಪಿಹೋಗುತ್ತವೆ. ಮುಖ್ಯಸ್ಥರು ಪ್ರೀತಿಯಿಂದ ತೋರಿಸಿದ ಮನೆಗಳಿಗೂ ಇದೇ ಮಾತು.

ಪಂಪು ಹಾಕದ ಕೆಲವು ಹಳ್ಳಿಗಳನ್ನೂ ಹೋಲಿಕೆಗೆ ಇಟ್ಟುಕೊಳ್ಳಲು ಸಾಧ್ಯವೇ ನೋಡಿ. ಏಕೆ ಅನ್ನುವುದು ಹಂತ 9ರಲ್ಲಿ ಬರುತ್ತದೆ.

ಹಂತ 6: ಪ್ರಶ್ನೆ, ಅನುವಾದ, ತರಬೇತಿ

ಈಗ ಪ್ರಶ್ನಾವಳಿ. 40 ನಿಮಿಷ ಮೀರಬಾರದು.

ಇಂಗ್ಲಿಷಿನಿಂದ ಚಿಚೇವಾ ಭಾಷೆಗೆ ಒಬ್ಬರು ಅನುವಾದ ಮಾಡಲಿ. ಮೂಲ ನೋಡದ ಇನ್ನೊಬ್ಬರು ಅದನ್ನು ಇಂಗ್ಲಿಷಿಗೆ ತಿರುಗಿ ತರಲಿ. ಎರಡು ಇಂಗ್ಲಿಷ್ ಪಾಠ ಎಲ್ಲಿ ಬೇರೆಯಾಗುತ್ತವೋ ಅಲ್ಲಿ ತೊಂದರೆ ಇದೆ. ಫೀಲ್ಡಿನಲ್ಲಿ ‘ಅವರವರೇ ಅನುವಾದಿಸಿ ಕೇಳಿಕೊಳ್ಳಲಿ’ ಅಂತ ಬಿಟ್ಟರೆ ಹನ್ನೆರಡು ಜನ ಹನ್ನೆರಡು ಪ್ರಶ್ನೆ ಕೇಳುತ್ತಾರೆ.

ಫೋನಿನ ಫಾರ್ಮಿನಲ್ಲಿ ಕಡಿವಾಣ ಹಾಕಿ. ವಯಸ್ಸು 0ರಿಂದ 110ರ ಒಳಗೆ. ನೀರಿನ ಸಮಯ 300 ನಿಮಿಷ ದಾಟಿದರೆ ಮತ್ತೊಮ್ಮೆ ಕೇಳುವ ಸೂಚನೆ. ‘ಗೊತ್ತಿಲ್ಲ’ಕ್ಕೆ ಬೇರೆ ಆಯ್ಕೆ ಕೊಡಿ. ಕೊಡದಿದ್ದರೆ ಹುಡುಗರು ಸೊನ್ನೆ ಹಾಕುತ್ತಾರೆ. ಸೊನ್ನೆ ನಿಮಿಷದಲ್ಲಿ ನೀರು ತರುವ ಮನೆ ಎಲ್ಲಿದೆ?

ತರಬೇತಿ ಕನಿಷ್ಠ ಐದು ದಿನ, ಅದರಲ್ಲಿ ಒಂದು ದಿನ ಸ್ಯಾಂಪಲ್ಲಿನಲ್ಲಿ ಇಲ್ಲದ ಹಳ್ಳಿಯಲ್ಲಿ ಅಭ್ಯಾಸ. ಒಪ್ಪಿಗೆ ಕೇಳುವುದನ್ನು ಬಾಯಿಪಾಠದಂತೆ ಒದರದೆ, ಎದುರಿನವರು ‘ಬೇಡ’ ಅನ್ನಲು ಜಾಗ ಇರುವಂತೆ ಕಲಿಸಿ. ಉತ್ತರ ಕೊಟ್ಟರೆ ಪಂಪು ಸಿಗುತ್ತದೆ ಅನ್ನುವ ಭಾವನೆ ಬರಬಾರದು.

ಹಂತ 7: ಫೀಲ್ಡ್ ದಿನಗಳು

ಪ್ರತಿ ಸಂಜೆ ಡೇಟಾ ಮೇಲಕ್ಕೆ ಬರಬೇಕು, ರಾತ್ರಿ ಒಬ್ಬರು ಕೂತು ನೋಡಬೇಕು. ವಾರದ ಕೊನೆಗೆ ನೋಡೋಣ ಅಂದರೆ ತಂಡ ಆ ಹಳ್ಳಿ ಬಿಟ್ಟು 80 ಕಿಲೋಮೀಟರ್ ಹೋಗಿರುತ್ತದೆ.

ನೋಡಬೇಕಾದ ಕೆಟ್ಟ ಲಕ್ಷಣಗಳು: 40 ನಿಮಿಷದ ಸಂದರ್ಶನ 14 ನಿಮಿಷದಲ್ಲಿ ಮುಗಿದಿದೆ. ಒಬ್ಬನ ಎಲ್ಲ ಮನೆಗಳ ಜಿಪಿಎಸ್ ಒಂದೇ ಮರದ ಕೆಳಗೆ ಬಂದಿದೆ. ‘ಹೌದು’ ಅಂದರೆ ಇನ್ನೂ ಹತ್ತು ಪ್ರಶ್ನೆ ತೆರೆಯುವ ಜಾಗದಲ್ಲಿ ಒಬ್ಬನಿಗೆ ಮಾತ್ರ ಸದಾ ‘ಇಲ್ಲ’ ಸಿಗುತ್ತಿದೆ. ಸಮಯಗಳೆಲ್ಲ 10, 20, 30ಕ್ಕೇ ಬಂದು ನಿಂತಿವೆ.

ನೂರಕ್ಕೆ ಹತ್ತು ಮನೆಗೆ ಮೇಲ್ವಿಚಾರಕರು ಒಂದೆರಡು ದಿನದೊಳಗೆ ಮತ್ತೆ ಹೋಗಿ, ಬದಲಾಗದ ಐದು ಪ್ರಶ್ನೆ ಕೇಳಿ ತಾಳೆ ಹಾಕಲಿ. ಮನೆಯಲ್ಲಿ ಎಷ್ಟು ಜನ, ಛಾವಣಿ ಹುಲ್ಲಿನದೋ ತಗಡಿನದೋ, ಇಂಥವು. ತಪ್ಪು ಸಿಕ್ಕಿದಾಗ ಮೊದಲು ಮಾತಾಡಿಸಿ. ಎಷ್ಟೋ ಸಲ ಅದು ಮೋಸ ಆಗಿರುವುದಿಲ್ಲ. ತರಬೇತಿಯಲ್ಲಿ ನಾವೇ ಬಿಟ್ಟ ಗೊಂದಲ ಆಗಿರುತ್ತದೆ.

ಹಂತ 8: ನಡುವಿನ ವರ್ಷಗಳು – ಮಾನಿಟರಿಂಗ್ ಮತ್ತು ಕಲಿಕೆ

ಬೇಸ್‌ಲೈನ್ ಮುಗಿದ ಮೇಲೆ ಎರಡು ವರ್ಷ ಯಾರೂ ಅಂಕಿ ನೋಡುವುದಿಲ್ಲ. ಇದು ದೊಡ್ಡ ನಷ್ಟ. ಮೂರು ತಿಂಗಳಿಗೊಮ್ಮೆ ಪ್ರತಿ ಪಂಪಿಗೆ ಹೋಗಿ ಬಕೆಟ್ ಪರೀಕ್ಷೆ ಮಾಡಿ. ಸಮಿತಿಯ ಲೆಕ್ಕದ ಪುಸ್ತಕ ತೆರೆದು, ರಿಪೇರಿಗೆ ಹಣ ಕೂಡುತ್ತಿದೆಯೇ ನೋಡಿ.

ಆಮೇಲೆ ಅರ್ಧ ದಿನದ ಸಭೆ. ಸಭೆಗೆ ಚಾರ್ಟು 20 ಒಯ್ಯಬೇಡಿ, ಮೂರು ಸಾಕು. ‘ಏನಾಯಿತು, ಏಕಾಯಿತು, ಈಗ ಏನು ಬದಲಿಸುತ್ತೇವೆ’ ಅನ್ನುವ ಕ್ರಮದಲ್ಲಿ ಮಾತಾಡಿ. ಕೊನೆಗೆ ನಿರ್ಧಾರ, ಹೊಣೆ ಹೊತ್ತವರು, ತಾರೀಖು, ಈ ಮೂರನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಮುಂದಿನ ಸಭೆ ಆ ಪುಟ ಓದಿಯೇ ಶುರುವಾಗಲಿ. ಕೆಟ್ಟ ಸುದ್ದಿ ತಂದ ಫೀಲ್ಡ್ ಸಿಬ್ಬಂದಿಯನ್ನು ಸಭೆಯಲ್ಲಿ ಬೈದರೆ ಮುಂದಿನ ಸಲದಿಂದ ಎಲ್ಲ ಪಂಪೂ ಚೆನ್ನಾಗಿ ನಡೆಯುತ್ತಿರುತ್ತವೆ, ಕಾಗದದ ಮೇಲೆ.

ಅದೇ ಅಂಕಿಗಳನ್ನು ಹಳ್ಳಿಗೂ ತಿರುಗಿ ಒಯ್ಯಿರಿ. ಅವರ ಸಮಯದಿಂದ ಬಂದ ಮಾಹಿತಿ ಅದು. ದೂರುಗಳಿಗೆ ಒಂದು ನಂಬರು ಕೊಡಿ. ಆದರೆ ಸಿಬ್ಬಂದಿಯಿಂದ ಲೈಂಗಿಕ ಕಿರುಕುಳ ಆಗಿದೆ ಅನ್ನುವ ದೂರು ಸಾಮಾನ್ಯ ದೂರಿನ ಪಟ್ಟಿಗೆ ಬರಬಾರದು. ಅದಕ್ಕೆ ಗೌಪ್ಯವಾದ ಬೇರೆ ದಾರಿ ಮೊದಲೇ ಸಿದ್ಧವಿರಬೇಕು.

ಅಳೆಯುವವರು ಕೆಲಸ ಮಾಡಿಸುವವರ ಕೈಕೆಳಗೆ ಇರದಿದ್ದರೆ ಒಳ್ಳೆಯದು. ಇದಕ್ಕೆ ನಮ್ಮ ಹತ್ತಿರದ ಮಾದರಿಯೇ ಇದೆ. ವಿಶ್ವಬ್ಯಾಂಕ್ ನೆರವಿನಲ್ಲಿ 2001ರಲ್ಲಿ ಶುರುವಾಗಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆದ ಸುಜಲ ಜಲಾನಯನ ಯೋಜನೆಯಲ್ಲಿ ಕೆಲಸ ಮಾಡಿಸಿದ್ದು ಜಲಾನಯನ ಇಲಾಖೆ, ಅಳತೆ ಮತ್ತು ಮೌಲ್ಯಮಾಪನ ನೋಡಿಕೊಂಡಿದ್ದು ಇಸ್ರೊದ ವಾಣಿಜ್ಯ ಕಂಪನಿ ಆಂಟ್ರಿಕ್ಸ್. ಉಪಗ್ರಹ ಚಿತ್ರವನ್ನೂ ಹಳ್ಳಿಯ ಮಾಹಿತಿಯನ್ನೂ ಜೊತೆಗಿಟ್ಟು ನೋಡಿದರು.

ಹಂತ 9: ಎಂಡ್‌ಲೈನ್ ಮತ್ತು ಹೋಲಿಕೆ

ಅದೇ ತಿಂಗಳು. ಅದೇ ಪ್ರಶ್ನೆ. ಅದೇ ವ್ಯಾಖ್ಯೆ. ಮಲಾವಿಯಲ್ಲಿ ಮಳೆ ನವೆಂಬರಿನಿಂದ ಏಪ್ರಿಲ್‌ವರೆಗೆ. ಆಗ ಮನೆ ಹತ್ತಿರವೇ ಗುಂಡಿ, ತೊರೆಗಳಲ್ಲಿ ನೀರು ಸಿಗುತ್ತದೆ, ಪಂಪಿನ ಹತ್ತಿರ ಸಾಲು ಕರಗುತ್ತದೆ. ಅಕ್ಟೋಬರಿನಲ್ಲಿ ಅದೇ ಪಂಪಿನ ಮುಂದೆ ಬೆಳಗಿನ ಜಾವಕ್ಕೇ ಬಕೆಟ್‌ಗಳು ಬಂದಿರುತ್ತವೆ. ಬೇಸ್‌ಲೈನ್ ಅಕ್ಟೋಬರಿನಲ್ಲಿ ಆಗಿ ಎಂಡ್‌ಲೈನ್ ಫೆಬ್ರವರಿಯಲ್ಲಿ ಆದರೆ ನೀವು ಅಳೆದದ್ದು ಋತುವನ್ನು. ಯೋಜನೆ ಡಿಸೆಂಬರಿಗೆ ಮುಗಿದರೂ ಅಕ್ಟೋಬರಿನಲ್ಲೇ ಸರ್ವೆ ಮುಗಿಸುವ ಹಾಗೆ ಮೂರು ವರ್ಷ ಮೊದಲೇ ಕ್ಯಾಲೆಂಡರಿನಲ್ಲಿ ಬರೆದಿಡಿ. ಪ್ರಶ್ನೆ ಸುಧಾರಿಸುವ ಆಸೆ ಬಂದರೆ ಹೊಸದನ್ನು ಸೇರಿಸಿ, ಹಳೆಯದನ್ನು ಮುಟ್ಟಬೇಡಿ.

ಹೋಲಿಕೆ ಹಳ್ಳಿಗಳ ಉಪಯೋಗ ಈಗ. ಯೋಜನೆಯ ಹಳ್ಳಿಗಳಲ್ಲಿ ಶೇ 40 ಇದ್ದದ್ದು 62 ಆಯಿತು ಅಂದುಕೊಳ್ಳಿ. 22 ಏರಿತು ಅಂತ ಖುಷಿಯಾಗುತ್ತದೆ. ಪಂಪು ಹಾಕದ ಹಳ್ಳಿಗಳಲ್ಲಿ 41 ಇದ್ದದ್ದು 53 ಆಗಿದ್ದರೆ ಅಲ್ಲೂ 12 ಏರಿದೆ. ಸರ್ಕಾರದ ಬೋರ್‌ವೆಲ್ ಬಂದಿರಬಹುದು, ಬೇರೆ ಸಂಸ್ಥೆ ಬಂದಿರಬಹುದು. ಎರಡೂ ಕಡೆ ಹೊರಗಿನ ಗಾಳಿ ಒಂದೇ ಥರ ಬೀಸಿದೆ ಅಂದುಕೊಂಡರೆ ನಿಮ್ಮ ಪಾಲು 10. ಆ ಹತ್ತನ್ನೇ ಬರೆಯಿರಿ.

ಹೊರಗಿನ ಮೌಲ್ಯಮಾಪಕರನ್ನು ಕರೆಯುವಾಗ ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆ ಒಇಸಿಡಿಯ ಆರು ಮಾನದಂಡ ಕೆಲಸಕ್ಕೆ ಬರುತ್ತವೆ: ಇದು ಬೇಕಿತ್ತೇ, ಬೇರೆ ಕೆಲಸಗಳ ಜೊತೆ ಹೊಂದಿತೇ, ಗುರಿ ಮುಟ್ಟಿತೇ, ಹಣ ಸಮಯ ಸರಿಯಾಗಿ ಬಳಕೆಯಾಯಿತೇ, ಏನು ಬದಲಾಯಿತು, ಮುಂದೆ ಉಳಿಯುತ್ತದೆಯೇ. ಎರಡನೆಯದು 2019ರಲ್ಲಿ ಸೇರಿದ್ದು. ಆರನ್ನೂ ಕೇಳಿ ಇಪ್ಪತ್ತು ದಿನ ಕೊಟ್ಟರೆ ಆರಕ್ಕೂ ಮೇಲುಮೇಲಿನ ಉತ್ತರ ಬರುತ್ತದೆ. ಹಂತ 1ರ ಹಾಳೆ ನೋಡಿ, ಎರಡು ಮೂರು ಆರಿಸಿ.

ಹಂತ 10: ಪ್ರತಿ ಸುತ್ತಿನ ನಂತರ ಕಟ್ಟಿಡುವುದು

ಇದನ್ನು ಕೊನೆಗೆ ಬರೆದಿದ್ದೇನೆ, ಮಾಡಬೇಕಾದ್ದು ಬೇಸ್‌ಲೈನ್ ಮುಗಿದ ವಾರವೇ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಒಮ್ಮೆಲೇ ತಡೆಹಿಡಿಯಿತು. ಅದರ ನೆರವಿನ ಸಂಸ್ಥೆ ಯುಎಸ್‌ಎಐಡಿ ಹಣದ ಯೋಜನೆಗಳಿಗೆ ಕೆಲಸ ನಿಲ್ಲಿಸುವ ಆದೇಶ ಹೋಯಿತು. ಜುಲೈ ಹೊತ್ತಿಗೆ ಸಂಸ್ಥೆಯೇ ಮುಚ್ಚಿತು. ಎಂಡ್‌ಲೈನ್‌ವರೆಗೆ ಕಾಯುತ್ತೇವೆ ಅಂದುಕೊಂಡವರಿಗೆ ಆ ದಿನ ಬರಲೇ ಇಲ್ಲ.

ಒಂದು ಫೋಲ್ಡರ್ ಮಾಡಿ. ಮೂಲ ಡೇಟಾ, ತಿದ್ದಿದ ಡೇಟಾ, ಏನು ತಿದ್ದಿದಿರಿ ಅನ್ನುವ ಪಟ್ಟಿ, ಎರಡೂ ಭಾಷೆಯ ಪ್ರಶ್ನಾವಳಿ, ಸೂಚಕದ ಹಾಳೆಗಳು, ಸ್ಯಾಂಪಲ್ ಆರಿಸಿದ ಪಟ್ಟಿ. ಹೆಸರು, ಫೋನ್ ನಂಬರು, ಜಿಪಿಎಸ್ ಬೇರೆ ಫೈಲಿನಲ್ಲಿ, ಪಾಸ್‌ವರ್ಡ್ ಹಾಕಿ. ಒಬ್ಬರ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರಬಾರದು.

ಆಮೇಲೆ ಈ ಯೋಜನೆಯಲ್ಲಿ ಕೆಲಸ ಮಾಡದ ಸಹೋದ್ಯೋಗಿಯೊಬ್ಬರಿಗೆ ಆ ಫೋಲ್ಡರ್ ಕೊಡಿ. ನೀರಿನ ಸೂಚಕದ ಬೇಸ್‌ಲೈನ್ ಅಂಕಿಯನ್ನು ನಿಮ್ಮನ್ನು ಒಂದು ಮಾತೂ ಕೇಳದೆ, ಒಂದು ದಿನದಲ್ಲಿ ತೆಗೆಯಲು ಹೇಳಿ. ಅವರಿಗೂ ಅದೇ ಶೇ 40 ಬಂದರೆ ಕೆಲಸ ಮುಗಿಯಿತು. 43 ಬಂದರೆ ಸರ್ವೆ ತಂಡ ಚದುರುವ ಮೊದಲೇ ಎಲ್ಲರನ್ನೂ ಕೂರಿಸಿ, ಆ ಮೂರು ಎಲ್ಲಿಂದ ಬಂತು ಅಂತ ಹುಡುಕಿ.